ಹೆಸರು ಹಾಕದೆ ಬರೆದವರು

ಇಂಟರ್‌ನೆಟ್‌ನಲ್ಲಿ ಹೆಸರು ಹಾಕದೆ ಬರೆದರೆ ಯಾರಿಗೂ ಗೊತ್ತಾಗಲ್ಲ ಅಂತ ನಂಬಿದವರನ್ನೆಲ್ಲ ದೇವರು ಸೀದಾ ನನ್ನ ಅಂಗಡಿಗೇ ಕಳಿಸುತ್ತಿದ್ದ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಚಿತ್ರದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಸೈಬರ್ ಕೆಫೆ ಇಟ್ಟಿದ್ದೆ. ನಾಲ್ಕಾರು ಕಂಪ್ಯೂಟರು, ನಡುನಡುವೆ ಪ್ಲೈವುಡ್ ಗೋಡೆ.

೧. ಮೇಷ್ಟ್ರ ಗುಟ್ಟು

ಹೊಳಲ್ಕೆರೆ ಕಡೆಯ ಹೈಸ್ಕೂಲು ಮೇಷ್ಟ್ರೊಬ್ಬರು ಬಂದರು. ಅವರ ಹೆಡ್‌ಮಾಸ್ಟರು ಮಧ್ಯಾಹ್ನ ಉಂಡು ಆಫೀಸಿನಲ್ಲೇ ಗೊರಕೆ ಹೊಡೆಯುತ್ತಾರಂತೆ. ಅದನ್ನು ಒಂದು ವೆಬ್‌ಸೈಟಿನಲ್ಲಿ ಹೆಸರಿಲ್ಲದೆ ಹಾಕಬೇಕು. ತಮಗೆ ಟೈಪಿಂಗ್ ಬರಲ್ಲ, ನೀನೇ ಹೊಡೆಯಪ್ಪ, ಗುಟ್ಟಾಗಿರಲಿ ಅಂದರು.

ವರ್ಷಾನುಗಟ್ಟಲೆ ತುಂಬಿದ ಕ್ಲಾಸಿಗೆ ಉಕ್ತಲೇಖನ ಕೊಟ್ಟ ಗಂಟಲು ಅದು. ಅಲ್ಪವಿರಾಮ, ಪೂರ್ಣವಿರಾಮದ ಸಮೇತ ಅವರು ಹೇಳಿದ್ದು ಹೊರಗೆ ಬಾಳೆಹಣ್ಣು ಮಾರುತ್ತಿದ್ದ ಹೆಂಗಸಿಗೂ ಕೇಳುತ್ತಿತ್ತು. ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ, ಇದು ಯಾರಿಗೂ ಗೊತ್ತಾಗಲ್ಲ ತಾನೆ ಅಂತ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹೊರಗಿನಿಂದ ಆಕೆ ಹೇಳಿದಳು, "ನಾನಂತೂ ಯಾರ್ಗೂ ಹೇಳಲ್ಲ ಬಿಡ್ರಿ, ಮೇಷ್ಟ್ರೇ."

೨. ಸಿಡಿಲು ಮತ್ತು ಬಿರುಗಾಳಿ

ಹೊಳಲ್ಕೆರೆ ಪಕ್ಕದ ಚಿಕ್ಕಜಾಜೂರಿನ ರಿಟೈರಾದ ರೈಲ್ವೆ ಗಾರ್ಡು ಒಬ್ಬರು, ಹಿರಿಯೂರಿನ ಇನ್ಶೂರೆನ್ಸ್ ಏಜೆಂಟು ಒಬ್ಬರು. ಇಬ್ಬರೂ ಭಾನುವಾರ ತಪ್ಪದೆ ಬಂದು ಅಕ್ಕಪಕ್ಕದ ಕ್ಯಾಬಿನ್‌ನಲ್ಲಿ ಕೂರುತ್ತಿದ್ದರು. ಮಂಡಕ್ಕಿ ಮೆಣಸಿನಕಾಯಿ ಹೊಳಲ್ಕೆರೆಯದು ರುಚಿಯೋ ಹಿರಿಯೂರಿನದೋ ಅಂತ ಒಂದು ವೆಬ್‌ಸೈಟಿನಲ್ಲಿ 'ಸಿಡಿಲು' ಮತ್ತು 'ಬಿರುಗಾಳಿ' ಅನ್ನುವವರು ವಂಶ ಜಾಲಾಡಿಕೊಂಡು ಜಗಳವಾಡುತ್ತಿದ್ದರು. ಸಿಡಿಲು ಗಾರ್ಡು, ಬಿರುಗಾಳಿ ಏಜೆಂಟು. ಅದು ಗೊತ್ತಿದ್ದದ್ದು ನನಗೊಬ್ಬನಿಗೇ.

ಒಂದು ಭಾನುವಾರ ಕರೆಂಟು ಹೋಯಿತು. ಇಬ್ಬರೂ ಎದ್ದು ನಿಂತು, ಎದುರಾಳಿ ತಮಗೆ ಉತ್ತರ ಕೊಡಕ್ಕಾಗದೆ ಓಡಿಹೋದ ಅಂತ ಖುಷಿಪಟ್ಟರು. ಆಮೇಲೆ ಎದುರಿನ ಗಾಡಿಯಲ್ಲಿ ಒಂದೇ ಪೇಪರಿನಲ್ಲಿ ಮಂಡಕ್ಕಿ ಹಂಚಿಕೊಂಡು, ಹೆಸರು ಹೇಳದ ಆ ಪುಕ್ಕಲನ ಕಾಟವನ್ನು ಒಬ್ಬರಿಗೊಬ್ಬರು ತೋಡಿಕೊಂಡರು.

"ಕೈಗೆ ಸಿಕ್ರೆ ನಾಕು ಬಿಡ್ತೀನಿ," ಅಂದರು ಗಾರ್ಡು.

ಏಜೆಂಟು ಅವರ ಭುಜ ತಟ್ಟಿ, "ಹೋಗಾಗ ನನ್ನೂ ಕರೀರಿ," ಅಂದರು.

೩. ಒಬ್ಬ ಗೃಹಿಣಿ

ನಮ್ಮ ಕಡೆಯ ಒಂದು ಊರಿನ ಪುರಸಭೆ ಸದಸ್ಯರ ಮನೆಗೆ ನಾನೇ ಕಂಪ್ಯೂಟರು ಜೋಡಿಸಿಕೊಟ್ಟಿದ್ದೆ. ಊರಿನ ಸುದ್ದಿಯ ವೆಬ್‌ಸೈಟಿನಲ್ಲಿ 'ಒಬ್ಬ ಗೃಹಿಣಿ' ಅನ್ನುವವರು ಈ ಸದಸ್ಯರನ್ನು ಹೊಗಳಿ ಮೇಲಿಂದ ಮೇಲೆ ಬರೆಯತೊಡಗಿದರು. "ಅವರ ನಗು ನೋಡಿದರೆ ದಣಿವೇ ಮಾಯ" ಅಂತ ಕೂಡ ಬರೆದರು. ಅದರ ಕೆಳಗೆ ಇನ್ಯಾರೋ ಹೆಸರಿಲ್ಲದೆ, "ಮನೆಯಲ್ಲಿ ಒಂದು ಬಲ್ಬು ಹಾಕದವನು ಬೀದಿಗೇನು ದೀಪ ಹಾಕಿಸ್ತಾನೆ" ಅಂತ ಬರೆದರು.

ಸದಸ್ಯರು ಕೆಂಡವಾದರು. ಚುನಾವಣೆಯಲ್ಲಿ ಸೋತವನದೇ ಕೆಲಸ, ಮಾನನಷ್ಟ ಕೇಸು ಹಾಕಿ ಒಳಗೆ ಕೂರಿಸ್ತೀನಿ ಅಂತ ಪೊಲೀಸರಿಗೆ ಕಂಪ್ಲೇಂಟು ಕೊಟ್ಟರು. ಆ ಸೋತವರು ಪಾಪ, ಸ್ಟೇಷನ್ನಿಗೆ ಹೋಗಿ ತಮಗೆ ಕಂಪ್ಯೂಟರು ಆನ್ ಮಾಡಲೂ ಬರಲ್ಲ ಅಂತ ಆಣೆ ಇಟ್ಟು ಬಂದರು. ಬೈದವರು ಹೊಗಳಿದವರು ಅನ್ನದೆ, ಹೆಸರಿಲ್ಲದವರೆಲ್ಲ ಎಲ್ಲಿಂದ ಬರೆದರು ಅಂತ ಪೊಲೀಸರು ವಿಚಾರಿಸಿದರು. ಉತ್ತರ ಬಂತು. ಎಲ್ಲವೂ ಸದಸ್ಯರ ಮನೆಯ ಕನೆಕ್ಷನ್ನಿನಿಂದಲೇ.

ಸಬ್‌ಇನ್‌ಸ್ಪೆಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು, ವಿವರಿಸಲಿಕ್ಕೆ ನನ್ನನ್ನೂ. ಹೆಂಡತಿ ಅಳುಕಲಿಲ್ಲ. ಬೈದದ್ದು ನಾನೇ, ಮಗಳ ಹತ್ತಿರ ಕಲಿತು ಬರೆದೆ ಅಂದರು. ಸದಸ್ಯರು ಗಡಿಬಿಡಿಯಲ್ಲಿ ಕೇಸು ವಾಪಸ್ ತಗೊಳ್ತೀನಿ, ಮನೆಗೆ ಹೋಗಾಣ ನಡಿ ಅಂತ ಎದ್ದರು. ಆಕೆ ಕೈ ಹಿಡಿದು ಕೂರಿಸಿದರು.

"ಕೇಸು ಇರ್ಲಿ ಸಾಹೇಬ್ರೆ. ನನ್ ಗಂಡನ ನಗು ನೋಡಿ ದಣಿವು ಕಳ್ಕಳ್ಳೋ ಆ ಗೃಹಿಣಿ ಯಾರು, ಅದನ್ನ ಹೇಳ್ರಿ. ನಾನು ಬೈದಿದ್ದೇ ಅವಳ ಮೇಲಿನ ಸಿಟ್ಟಿಗೆ."

ಸಬ್‌ಇನ್‌ಸ್ಪೆಕ್ಟರು ಟೋಪಿ ತೆಗೆದು ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದರು, "ನಿಮ್ ಪಕ್ಕದಲ್ಲೇ ಕುಂತವ್ರೆ ಕಣಮ್ಮ. ಮೀಸೆ ಐತೆ, ನೋಡ್ರಿ."