ಸರ್ವಿಸ್ ಗಾಡಿಯಲ್ಲಿ ಒಂದು ಜೊಂಪು

ಉಳಿವೆಪ್ಪನಿಗೆ ಬಸ್ಸಿನಲ್ಲಿ ಮಾತ್ರ ನಿದ್ದೆ ಬರುತ್ತದೆಂಬುದು ಗೊತ್ತಾದದ್ದು ಅಕಸ್ಮಾತ್ತಾಗಿ. ಮದುವೆಗೆಂದು ಸವಣೂರಿನಲ್ಲಿ ಗಾಡಿ ಹತ್ತಿ ಶಿಗ್ಗಾವಿಗೆ ಹೊರಟವನು ಕಣ್ಣು ಬಿಟ್ಟಾಗ ಹಿರೇಕೆರೂರಿನಲ್ಲಿದ್ದ. ಮದುವೆಯ ಊಟ ತಪ್ಪಿತ್ತು. ಆದರೂ ಅಷ್ಟು ಸಂತೋಷ ಅವನಿಗೆ ತನ್ನ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ.

ಮನೆಯಲ್ಲಿ ಮಲಗಿದರೆ ಚಿಂತೆಯೂ ಪಕ್ಕದಲ್ಲಿ ಬಂದು ಮಲಗುತ್ತಿತ್ತು. ಅಗಳಿ ಹಾಕಿದೆನೇ? ಎತ್ತಿನ ಹಗ್ಗ ಬಿಗಿಯಾಗಿದೆಯೇ? ಒಲೆಯಲ್ಲಿ ಕೆಂಡ ಉಳಿಯಿತೇ? ಎದ್ದು ನೋಡಿ ಬಂದರೆ, ನೋಡಿದ್ದು ಖರೆಯೋ ಭ್ರಮೆಯೋ ಎಂಬ ಹೊಸ ಚಿಂತೆ. ತನ್ನ ಮನೆಯದು ಮುಗಿದರೆ ಓಣಿಯವರ ಬಣವೆ, ಆಡು, ಕರು. ಊರೆಲ್ಲ ಗೊರಕೆ ಹೊಡೆಯುವಾಗ ಊರಿನ ಪರವಾಗಿ ಒಬ್ಬನೇ ಎಚ್ಚರವಿದ್ದ ಆ ಪುಣ್ಯಾತ್ಮನನ್ನು ಮೆಚ್ಚಲೇಬೇಕು. ಗಸಗಸೆ ಪಾಯಸ ಕುಡಿದ. ಅಂಗಾಲಿಗೆ ಹರಳೆಣ್ಣೆ ತಿಕ್ಕಿಸಿಕೊಂಡ; ಎಣ್ಣೆಗಾಲಿನಲ್ಲೇ ಅಗಳಿ ನೋಡಲು ಹೋಗಿ ಜಾರಿ ಬಿದ್ದ. "ಇನ್ನ ಹಿಂಗ ನಿದ್ದಿಗೆಟ್ರ ತಲಿ ಕೆಟ್ಟೀತು ನೋಡ್ರಿ," ಎಂದು ಡಾಕ್ಟರರು ಹೆದರಿಸಿದ್ದರು.

ಬಸ್ಸಿನಲ್ಲಿ ಹಾಗಲ್ಲ. ಬಾಗಿಲು ಕಂಡಕ್ಟರನದು, ಗಾಡಿ ಡ್ರೈವರನದು, ಹಾದಿ ಸರಕಾರದ್ದು. ಉಳಿವೆಪ್ಪನದು ಎಂಬುದು ಏನೂ ಇಲ್ಲ. ಆಗ ಹಿರೇಕೆರೂರಿಗೆ ಹೋಗಿ ಸಂಜೆಗೆ ಮರಳುವ ಸರ್ವಿಸ್ ಗಾಡಿ ಒಂದೇ ಇತ್ತು. ಅದರಲ್ಲಿ ಹೋಗುತ್ತಲೂ ಬರುತ್ತಲೂ ಮಲಗಿಬಿಡುವುದೆಂದು ನಿಶ್ಚಯಿಸಿದ.

"ನಿದ್ದಿ ಮಾಡಾಕ ಟಿಕೀಟ್ ತಗಸ್ತೀರಿ?" ಹೆಂಡತಿ ಅನ್ನವ್ವ ಬಾಯಿಗೆ ಸೆರಗು ಹಿಡಿದಳು. "ಮಂದಿ ಕೇಳಿದ್ರ ನಗ್ತಾರ!"

"ಅದಕ್ಕ ಮಂದಿಗೆ ಹೇಳಬ್ಯಾಡ," ಎಂದು ಬರಿಗೈಯಲ್ಲಿ ಹೊರಬಿದ್ದ. ಆ ಓಣಿಯಲ್ಲಿ ಬಸ್ಸಿಗೆ ಬರಿಗೈಯಲ್ಲಿ ಹೊರಟವನ ಕೈ ಅವನದಲ್ಲ, ಓಣಿಯದು ಎಂಬುದನ್ನು ಮರೆತಿದ್ದ.

ಮಗ್ಗುಲು ಮನೆಯ ಮುದುಕಿ ಚೌಡವ್ವ ಕಟ್ಟೆಯ ಮೇಲಿಂದಲೇ ತಡೆದಳು. "ಎಲ್ಲಿಗೋ ಉಳಿವೆಪ್ಪಾ?"

"ಹಿರೇಕೆರೂರಿಗಬೇ. ಸುಮ್ನ."

"ಸುಮ್ನ ಹೊಂಟೀಯಂದ್ರ ತಡಿ!" ಒಳಗೋಡಿದವಳು ತುಂಬಿದ ತುಪ್ಪದ ಗಡಿಗೆ ತಂದು ಅವನ ಕೈಗಿಟ್ಟಳು. "ತಿಳವಳ್ಳ್ಯಾಗ ಮಗಳು ಗಾಡಿಗೆ ಬಂದು ಇಸ್ಕೋತಾಳ. ತೊಡಿಮ್ಯಾಲ ಇಟ್ಕೊಂಡು ಹಿಡಕೋ. ತೂಕಡಸವರ ಕೈಯಾಗ ಕೊಡಾಕ ನನಗ ಧೈರ್ಯ ಇಲ್ಲಪ್ಪ. ನೀ ಆದ್ರ ನಿದ್ದೀನ ಮಾಡಾಂವಲ್ಲ!"

ಓಣಿಯ ತಿರುವಿನಲ್ಲಿ ಹಸನಸಾಬ ಬುಟ್ಟಿ ಹಿಡಿದು ನಿಂತಿದ್ದ. ಬುಟ್ಟಿಯೊಳಗೆ ಒಂದು ಹುಂಜ. "ಹಾನಗಲ್ ಸ್ಟ್ಯಾಂಡಿನಾಗ ನಮ್ಮ ಬೀಗರು ಕಾಯ್ತಿರ್ತಾರ್ರಿ. ಬಾಳ ಗರೀಬ ಹುಂಜ, ಸೊಲ್ಲ ಎತ್ತೂದಿಲ್ಲ."

ಒಲ್ಲೆ ಎನ್ನುವ ಶಬ್ದ ಉಳಿವೆಪ್ಪನ ನಾಲಿಗೆಗೆ ಬರುತ್ತಿರಲಿಲ್ಲ. ಗಡಿಗೆ, ಬುಟ್ಟಿ ಎರಡನ್ನೂ ಹೊತ್ತು ಹಿಂದಿನ ಸೀಟು ಹಿಡಿದ. ಗಾಡಿ ಗಡಗಡಿಸಿತು. ಶಿಗ್ಗಾವಿ ದಾಟಿತು. ರೆಪ್ಪೆಗಳು ಎಮ್ಮೆ ಹೊಂಡಕ್ಕಿಳಿದಂತೆ ಮೆಲ್ಲಗೆ ಇಳಿದವು. ಅಷ್ಟರಲ್ಲಿ ಗರೀಬ ಹುಂಜ ಬುಟ್ಟಿಯಿಂದ ಕತ್ತು ಚಾಚಿ ಅವನ ಮೊಣಕಾಲ ಹತ್ತಿರ ಕೂಗಿದ ರಭಸಕ್ಕೆ ಮುಂದಿನ ಸೀಟಿನ ಕೂಸು ಅಳಲು ಶುರುಮಾಡಿತು.

"ಬೆಳಗಾತ್ರೆಪಾ, ಎಲ್ಲಾರೂ ಏಳ್ರಿ!" ಎಂದ ಕಂಡಕ್ಟರ ಮೈಲಾರಲಿಂಗಪ್ಪ.

ಹಾನಗಲ್ಲಿನ ತನಕ ಹುಂಜ ಇಪ್ಪತ್ತು ಸಲವಾದರೂ ಬೆಳಗು ಮಾಡಿತು. ಅದನ್ನು ಬೀಗರಿಗೊಪ್ಪಿಸಿ, ಉಳಿವೆಪ್ಪ ಮತ್ತೆ ಕಣ್ಣು ಮುಚ್ಚಿದ. ಈಗ ಗಡಿಗೆ ವಾಲಿತು.

"ಯಜಮಾನ್ರ, ತುಪ್ಪಾ!" ಪಕ್ಕದವನು ತಿವಿದ.

ಅಲ್ಲಿಂದ ಮುಂದೆ ಆ ತುಪ್ಪ ಇಡೀ ಗಾಡಿಯ ತುಪ್ಪವಾಯಿತು. ಅವನ ತಲೆ ಕೊಂಚ ಬಾಗಿದರೆ ಸಾಕು, ಎಡದಿಂದ "ತುಪ್ಪಾ!", ಬಲದಿಂದ "ತುಪ್ಪಾ!". ತಿಳವಳ್ಳಿಯಲ್ಲಿ ಚೌಡವ್ವನ ಮಗಳು ಗಡಿಗೆ ಇಸಿದುಕೊಂಡಾಗ ಗಾಡಿಯವರೆಲ್ಲ ಒಟ್ಟಿಗೆ ಉಸಿರುಬಿಟ್ಟರು. ಒಂದು ಹನಿಯೂ ಚೆಲ್ಲಿರಲಿಲ್ಲ.

ಉಳಿವೆಪ್ಪ ಕಂಡಕ್ಟರನ ಕೈ ಹಿಡಿದುಕೊಂಡ. "ತಮ್ಮಾ, ಹಿರೇಕೆರೂರ ಬಂದ್ರೂ ನನ್ನ ಎಬ್ಬಸಬ್ಯಾಡ. ನಾ ನಿದ್ದಿ ಮಾಡಾಕ ಬಂದೇನಿ. ಮನ್ಯಾಗ ಬರಂಗಿಲ್ಲ, ಈ ಗಾಡ್ಯಾಗಷ್ಟ ಬರತೈತಿ." ಕಂಡಕ್ಟರ ಉತ್ತರ ಕೊಡುವುದರೊಳಗೆ ಉಳಿವೆಪ್ಪನ ಬಾಯಿ ತೆರೆದು, ಗೊರಕೆ ಶುರುವಾಗಿತ್ತು. ಎಂಥ ನಿದ್ದೆ! ಹಸಿಗೂಸಿನ ನಿದ್ದೆ.

ಯಾರೋ ಭುಜ ಅಲುಗಿಸಿದರು. ಹಿರೇಕೆರೂರು. ಎದುರಿಗೆ ಡ್ರೈವರ ರಾಜೇಸಾಬ, ಕಣ್ಣು ಕೆಂಡದಂತೆ ಕೆಂಪು.

"ಮಾಫ್ ಮಾಡ್ರಿ ಕಾಕಾ. ಮೈಲಾರಲಿಂಗಪ್ಪ ನಿಮ್ಮ ಹಕೀಕತ್ ಹೇಳಿದಾ. ಕೇಳಿ ತಡಕೊಳ್ಳಾಕ ಆಗಲಿಲ್ಲ." ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದ. "ನಂದೂ ಅದ ರೋಗರಿ. ರಾತ್ರಿಯೆಲ್ಲಾ ಹೊಳ್ಳಾಡತೇನಿ. ಬ್ರೇಕ್ ಹಿಡಿದೀತೋ ಇಲ್ಲೋ, ಎದುರು ಚಕ್ಕಡಿ ಬಂದೀತೋ ಅಂತ ಒಂದ ಚಿಂತಿ."

"ಪಾಪ! ಮತ್ತ ನಿದ್ದಿ?"

"ನಿಮ್ಮಂಗರೀ. ಗಾಡಿ ಗಡಗಡ ಅಂದ ಕೂಡ್ಲೇ ಕಣ್ಣು ತಾವಾಗೇ ಮುಚ್ಚತಾವು. ಈಗ ತಿಳವಳ್ಳಿ ದಾಟಿದ ಮ್ಯಾಲ ಕೆರಿ ಏರಿ ಬಂತಲ್ರಿ, ಅಲ್ಲೊಂದು ಜೊಂಪು ಹತ್ತಿತು ನೋಡ್ರಿ, ಆಹಾ!"

ಉಳಿವೆಪ್ಪನ ಮೈಯಲ್ಲಿದ್ದ ನಿದ್ದೆಯೆಲ್ಲ ಅಂಗಾಲಿನಿಂದ ಇಳಿದು ಹೋಯಿತು. ಇಳಿದು ನಡೆದುಕೊಂಡೇ ಸವಣೂರು ಸೇರಲೇ ಎಂದುಕೊಂಡ. ಅಷ್ಟರಲ್ಲಿ ಮರುಪಯಣದ ಮಂದಿ ಗಂಟುಮೂಟೆ ಸಮೇತ ಹತ್ತತೊಡಗಿದರು. ಒಬ್ಬಾಕೆಯ ಹೆಗಲ ಮೇಲೆ ಕೂಸು. ತಾನೇನೋ ನಡೆದು ಉಳಿದೇನು, ಇವರು?

ಎದ್ದು ಹೋಗಿ ಡ್ರೈವರನ ಮಗ್ಗುಲಲ್ಲಿ ಕುಳಿತ. ಹಾದಿಯುದ್ದಕ್ಕೂ ಮುಂದಿನ ಸರಳು ಹಿಡಿದು, ಕಣ್ಣು ಕವಡೆಯಷ್ಟಗಲ ತೆರೆದು ಕೂಗುತ್ತಲೇ ಇದ್ದ: "ರಾಜೇಸಾಬ, ಎಮ್ಮಿ! ರಾಜೇಸಾಬ, ಹುಣಸಿ ಗಿಡ! ರಾಜೇಸಾಬ, ನಿನಗ ಮಕ್ಕಳೆಷ್ಟು?" ಕೆರೆ ಏರಿಯ ಮೇಲೆ ಅವನ ತೊಡೆ ಚಿವುಟಿದ, ಬಂಕಾಪುರದ ಹತ್ತಿರ ನೀರು ಎರಚಿದ. ಇಷ್ಟು ಚೊಕ್ಕವಾಗಿ ಆ ಗಾಡಿ ಯಾವತ್ತೂ ಓಡಿರಲಿಲ್ಲ. ಹಿಂದೆ ಕುಳಿತವರೆಲ್ಲ ಒಬ್ಬರ ಮೇಲೊಬ್ಬರು ಒರಗಿ ಸುಖವಾಗಿ ನಿದ್ದೆ ಹೊಡೆಯುತ್ತಿದ್ದರು.

ಸವಣೂರಿನಲ್ಲಿ ಇಳಿದಾಗ ರಾಜೇಸಾಬ ಎರಡೂ ಕೈ ಮುಗಿದ. "ಜೀವಾ ಉಳಿಸಿದ್ರಿ ಕಾಕಾ. ನಿಮ್ಮಂಥಾವ್ರು ಲಾಖಕ್ಕ ಒಬ್ರು. ಇರಲಿ, ನಾಳಿಂದ ನಾನ ಹೆಂಗರ ಮಾಡಿ..." ಮಾತು ಮುಗಿಯುವ ಮೊದಲೇ ನಿಂತಲ್ಲೇ ಒಂದು ಉದ್ದನೆಯ ಆಕಳಿಕೆ ಬಂತು.

ಉಳಿವೆಪ್ಪ ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿದ. ನಿಂತ. ತಿರುಗಿ ಬಂದ.

"ರಾಜೇಸಾಬ, ನಾಳೆ ಮುಂಜಾನೆ ನಾ ಬರೂತನಾ ಗಾಡಿ ಶುರು ಮಾಡಬ್ಯಾಡ."