ಸಾವಿರ ಗಂಟೆ ಭಾರ ಹೊತ್ತ ಮೆಗ್ನೀಸಿಯಂ

1986ರ ಮಾರ್ಚ್ 3, ಸೋಮವಾರ, ಸಂಜೆ ಆರು ಗಂಟೆ. ದಾಖಲೆ ಪುಸ್ತಕದ ಮೊದಲ ಸಾಲಿನಲ್ಲಿ ಹೀಗೆ ಬರೆದು ಪರೀಕ್ಷೆ ಆರಂಭಿಸಿದೆ. ಸಾವಿರ ಗಂಟೆ ನಡೆಯುವ ಪರೀಕ್ಷೆಯಲ್ಲಿ ಲೋಹಕ್ಕೆ ಏನಾಗುವುದೆಂದು ಮೊದಲೇ ಹೇಳಲಾಗದು. ಸುತ್ತಲಿನ ಮನುಷ್ಯರಿಗೆ ಮಾತ್ರ ಏನಾದರೊಂದು ಆಗುತ್ತಲೇ ಇರುತ್ತದೆ.

ಆಗ ನನಗೆ ಮೂವತ್ತು. ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಸಂಶೋಧನೆ. ಮೆಗ್ನೀಸಿಯಂ ಬಹು ಹಗುರವಾದ ಲೋಹ. ಆದರೆ ಕಾದ ಎಂಜಿನ್ನಿನ ಬಳಿ ಭಾರ ಹೊರಿಸಿದರೆ ದಿನದಿನವೂ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತಾ ಹೋಗುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ, ಅಂದರೆ ತೆವಳುವುದು. ತೆವಳದ ಮಿಶ್ರಲೋಹವೊಂದನ್ನು ಮಾಡಿದ್ದೇನೆಂದು ನಾನು ಹೇಳಿದ್ದೆ. ಹೇಳಿದ್ದನ್ನು ತೋರಿಸಬೇಕಾಗಿತ್ತು. ಹಿಂದಿನ ಎರಡು ಪರೀಕ್ಷೆಗಳು ಕರೆಂಟು ಹೋಗಿ ಕುಲುಮೆ ತಣ್ಣಗಾಗಿ ಕೆಟ್ಟಿದ್ದವು. ಉಳಿದಿದ್ದುದು ಆ ಮಿಶ್ರಲೋಹದ ಒಂದೇ ಕಡ್ಡಿ. ಪ್ರಬಂಧ ಒಪ್ಪಿಸುವ ಗಡುವು ಮೇ ತಿಂಗಳು.

ಅಪ್ಪನ ಅಭಿಪ್ರಾಯ

ನಮ್ಮದು ತಲೆಮಾರುಗಳಿಂದ ಇಲ್ಲಿ ನೇಯುವ ಮನೆ. ಅಪ್ಪ ಮಗ್ಗದಲ್ಲಿ ಕುಳಿತಿದ್ದಾಗ ನನ್ನ ಕೆಲಸವನ್ನು ವಿವರಿಸಿದೆ: ಕಡ್ಡಿಯನ್ನು ಕುಲುಮೆಯೊಳಗೆ ತೂಗುಹಾಕಿ, ಭಾರ ಕಟ್ಟಿ, ನಲವತ್ತೆರಡು ದಿನ ಎಷ್ಟು ಹಿಗ್ಗಿತೆಂದು ನೋಡುವುದು.

"ಇದಕ್ಕಾ ಇಷ್ಟು ಓದಿದ್ದು, ಅಮ್ಮಣಿ?" ಎಂದರು. "ಮಗ್ಗದ ಹಾಸುನೂಲನ್ನು ಬಿಗಿಯಾಗೇ ಬಿಟ್ಟು ಮಲಗಿದರೆ ಬೆಳಗ್ಗೆ ನೂಲು ಸಡಿಲ ಆಗಿರುತ್ತೆ. ಅದಕ್ಕೇ ನಾನು ದಿನಾ ಸಂಜೆ ಮಗ್ಗದಿಂದ ಏಳುವಾಗ ಹಗ್ಗ ಸಡಿಲಿಸೋದು. ನೀನೂ ಸಂಜೆ ಬರುವಾಗ ಭಾರ ಇಳಿಸಿ ಬಂದುಬಿಡು. ಅದೂ ಮಲಗಲಿ, ನೀನೂ ಮಲಗು."

ಭಾರ ಇಳಿಸಿದರೆ ಪರೀಕ್ಷೆಯೇ ಇಲ್ಲವೆಂದೆ.

"ಹಾಗಾದರೆ ಕೆಟ್ಟಿರೋದು ಲೋಹ ಅಲ್ಲ, ಪರೀಕ್ಷೆ," ಎಂದು ಲಾಳಿ ಎಸೆದರು.

ರೋಗಿಯ ಯೋಗಕ್ಷೇಮ

ಕಡ್ಡಿಯನ್ನು ಎರಕ ಹೊಯ್ದುಕೊಟ್ಟವರು ಪೀಳಮೇಡಿನ ಕಡೆಯ ಒಬ್ಬ ಫೌಂಡ್ರಿ ಯಜಮಾನರು. ಪಂಪಿನ ಬಿಡಿಭಾಗ ಎರಕ ಹೊಯ್ಯುವ ಅವರಿಗೆ ತಟ್ಟನೆ ಹೊತ್ತಿಕೊಳ್ಳುವ ಮೆಗ್ನೀಸಿಯಂ ಎಂದರೆ ಭಯ, ನನ್ನ ಮೇಲೆ ಮರುಕ. ಕರೆಂಟು ಹೋದರೆ ಇರಲಿ ಎಂದು ತಮ್ಮ ಡೀಸೆಲ್ ಜನರೇಟರನ್ನೂ ಕಳಿಸಿದ್ದರು. ವಾರಕ್ಕೆರಡು ಬಾರಿ ಬಂದು, ಚಪ್ಪಲಿಯನ್ನು ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು ಮೆಲ್ಲನೆಯ ದನಿಯಲ್ಲಿ ತಮಿಳಿನಲ್ಲಿ ಕೇಳುವರು: "ಹೇಗಿದೆಯಮ್ಮ? ಜ್ವರ ಎಷ್ಟು?"

"ನೂರೈವತ್ತು ಡಿಗ್ರಿ."

"ಪಾಪ."

ಒಂದು ದಿನ ಕಿತ್ತಳೆಹಣ್ಣಿನ ಚೀಲ ತಂದು ಯಂತ್ರದ ಮುಂದೆ ಇಟ್ಟರು. ಲೋಹ ಹಣ್ಣು ತಿನ್ನುವುದಿಲ್ಲ ಎಂದೆ, ತುಸು ಬಿಗಿಯಾಗಿಯೇ.

"ಅದು ನಿಮಗಮ್ಮ. ಆಸ್ಪತ್ರೆಯಲ್ಲಿ ಮೊದಲು ಬೀಳೋದು ರೋಗಿಯಲ್ಲ, ಪಕ್ಕದಲ್ಲಿ ಕೂತವರು."

ಅಂದು ನಾನು ಮಧ್ಯಾಹ್ನದ ಊಟ ಮಾಡಿರಲಿಲ್ಲ. ಐದು ಹಣ್ಣು ತಿಂದೆ.

ಶನಿವಾರದ ವಿದ್ಯಮಾನ

ಮೊದಲ ಶನಿವಾರ ಬೆಳಿಗ್ಗೆ ಹಿಗ್ಗುವಿಕೆ ಅಳೆಯುವ ಸೂಜಿ ಮೂರು ಗೆರೆ ಮುಂದಿತ್ತು. ವಾರವಿಡೀ ಮೆಲ್ಲಗೆ ಒಂದೆರಡು ಗೆರೆ ಹಿಂದೆ ಸರಿಯಿತು. ಮುಂದಿನ ಶನಿವಾರ ಮತ್ತೆ ಮುಂದು. ನಾಲ್ಕು ವಾರಗಳಾಗುವಷ್ಟರಲ್ಲಿ ನನ್ನ ನಕ್ಷೆ ಗರಗಸದ ಹಲ್ಲಿನಂತಾಯಿತು. ಕುಲುಮೆಯ ತಾಪ ಸರಿಯಿತ್ತು, ಸೂಜಿ ಸರಿಯಿತ್ತು.

ನನ್ನ ಪ್ರಾಧ್ಯಾಪಕರು ಕನ್ನಡಕ ತೆಗೆದರು. "ಇದನ್ನು ಯಾರೂ ಕಂಡಿಲ್ಲ. ಲೋಹಕ್ಕೆ ಏಳು ದಿನದ ಲಯ! ಇದಕ್ಕೆ ನಮ್ಮಿಬ್ಬರ ಹೆಸರಿಡಬೇಕು."

ಅಂಥ ಮಾತನ್ನು ನಂಬುವವಳಲ್ಲ ನಾನು. ಆದರೂ ಆ ಸಂಜೆ ದಾಖಲೆ ಪುಸ್ತಕದ ಹಿಂಬದಿಯಲ್ಲಿ ಎರಡು ಹೆಸರುಗಳನ್ನೂ ಬರೆದು ನೋಡಿದೆ. ನನ್ನದು ಮೊದಲು ಬಂದರೆ ಕೇಳಲು ಚೆನ್ನಾಗಿತ್ತು.

ಹಲಗೆಯ ಹಿಂದೆ

ಸಾವಿರನೆಯ ಗಂಟೆ ಬಂದದ್ದು ಏಪ್ರಿಲ್ 14ರ ಬೆಳಿಗ್ಗೆ ಹತ್ತಕ್ಕೆ, ತಮಿಳು ಹೊಸವರ್ಷದ ರಜೆಯ ದಿನ. ಪ್ರಾಧ್ಯಾಪಕರು ಹೊಸ ಪಂಚೆಯಲ್ಲಿ ಬಂದಿದ್ದರು. ಇನ್ನೊಬ್ಬರು ಪ್ರಯೋಗಾಲಯದ ಅಟೆಂಡರ್. ಮಡತ್ತುಕುಳಂ ಕಡೆಯ ಬೇಸಾಯದ ಮನೆಯವರು, ನಮ್ಮಂತೆಯೇ ಮನೆಮಾತು ಕನ್ನಡ. ಕರೆಂಟು ಹೋದಾಗಲೆಲ್ಲ ಓಡಿಬಂದು ಜನರೇಟರ್ ಹಚ್ಚಿ ನನ್ನ ಸಾವಿರ ಗಂಟೆಗಳನ್ನು ಕಾಪಾಡಿದವರು ಅವರೇ. ಕಡ್ಡಿ ಮುರಿದಿರಲಿಲ್ಲ, ಹಿಗ್ಗಿದ್ದೂ ನಾನು ಹೇಳಿದ್ದಕ್ಕಿಂತ ಕಡಿಮೆ.

ಭಾರ ಇಳಿಸಲು ಯಂತ್ರದ ಹಿಂದೆ ಹೋದೆ. ಅಲ್ಲಿ ಒಂದು ಉದ್ದನೆಯ ಸನ್ನೆಕೋಲು. ಅದರ ತುದಿಯಲ್ಲಿ ತೂಗುವ ಭಾರ ಹತ್ತರಷ್ಟಾಗಿ ಕಡ್ಡಿಯ ಮೇಲೆ ಬೀಳುತ್ತದೆ. ಯಾರೂ ಮುಟ್ಟದಿರಲೆಂದು ಮೊದಲ ದಿನವೇ ಹಲಗೆಯ ಮರೆ ಕಟ್ಟಿಸಿದ್ದೆ. ಹಲಗೆ ಸರಿಸಿದೆ.

ಸನ್ನೆಕೋಲಿನ ತುದಿಯಲ್ಲಿ ಒಂಬತ್ತು ನಿಂಬೆಹಣ್ಣಿನ ಮಾಲೆ. ಬಿಸಿಗೆ ಸುಕ್ಕಾಗತೊಡಗಿತ್ತು.

"ಇದು ಯಾರದು?"

"ನಂದೇಂಗಮ್ಮಾ," ಎಂದರು ಅಟೆಂಡರ್, ಸಂಕೋಚವಿಲ್ಲದೆ. "ಎರಡು ಸಲ ಕೆಟ್ಟುಹೋಯ್ತಲ್ಲ, ನೀವು ಅಳದೇ ಇದ್ದದ್ದು ನೋಡಿ ನಂಗೆ ತಾಳಲಿಲ್ಲ. ಮಾರಿಯಮ್ಮನಿಗೆ ಹರಕೆ ಹೊತ್ತೆ. ವೆಳ್ಳಿಕ್ಕಿಳಮೆ ವೆಳ್ಳಿಕ್ಕಿಳಮೆ ಹೊಸ ಮಾಲೆ."

ಪ್ರತಿ ಶುಕ್ರವಾರ ಹೊಸ ಮಾಲೆ. ಶನಿವಾರ ಸೂಜಿ ಮುಂದು. ವಾರವಿಡೀ ಹಣ್ಣು ಒಣಗುವುದು, ಭಾರ ಇಳಿಯುವುದು. ಪ್ರಾಧ್ಯಾಪಕರಿಗೂ ಅದೇ ಕ್ಷಣ ಹೊಳೆಯಿತು. ಅವರು ಮೆಲ್ಲನೆ ಕುರ್ಚಿಯಲ್ಲಿ ಕುಳಿತರು.

"ಬೇರೆಲ್ಲೂ ಜಾಗ ಇರಲಿಲ್ಲವೆ?"

"ಭಾರ ಹೊರೋದು ಅಲ್ಲೇ ತಾನೇಂಗಮ್ಮಾ? ಕಷ್ಟ ಎಲ್ಲೋ ಮಾಲೆ ಅಲ್ಲಿ." ನನ್ನ ಮುಖ ನೋಡಿ ಅವಸರದಿಂದ ಸೇರಿಸಿದರು: "ಅದಕ್ಕೆ ಭಾರ ಆಗಬಾರದು ಅಂತ ಉಕ್ಕಡಂ ಸಂತೆಯಲ್ಲಿ ಚಿಕ್ಕ ಚಿಕ್ಕ ಹಣ್ಣೇ ಆರಿಸಿ ತಂದೆ."

ಪ್ರಾಧ್ಯಾಪಕರು ನಿಟ್ಟುಸಿರಿಟ್ಟರು. "ಅಂದರೆ ನಿಮ್ಮ ಲೋಹ ನಾವು ಬರೆದುದಕ್ಕಿಂತ ಹೆಚ್ಚು ಭಾರ ಹೊತ್ತಿದೆ. ಪರೀಕ್ಷೆ ಗೆದ್ದಿತು. ಹೋದದ್ದು ನಮ್ಮಿಬ್ಬರ ಹೆಸರು ಮಾತ್ರ. ಮಾಲೆಯ ವಿಷಯ ಬರೆಯುತ್ತೀರಾ? ಪರೀಕ್ಷಕರು ನಗುತ್ತಾರೆ."

ನಾನು ಮಾಲೆಯನ್ನು ತಕ್ಕಡಿಗಿಟ್ಟು ತೂಗಿದೆ. ನಂತರ ಒಂದೊಂದೇ ಹಣ್ಣನ್ನು ಬಿಡಿಸಿ ತೂಗಿ, ಭಾರಗಳ ಪಟ್ಟಿಯಲ್ಲಿ ಬರೆಯತೊಡಗಿದೆ. ಅಟೆಂಡರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ದಾರ ಸೇರಿಸಿಕೊಂಡ್ರಾಮ್ಮಾ?"

ಒಂಬತ್ತು ನಿಂಬೆಹಣ್ಣನ್ನೂ, ದಾರ ಸಹಿತ, ಪ್ರಬಂಧದಲ್ಲಿ ನಮೂದಿಸುವುದೆಂದು ನಿರ್ಧರಿಸಿದೆ.