ಸಾಹುಕಾರರ ಲೈಬ್ರರಿ, ಮನಿಮನಿ ಚಹಾ

ಪುಸ್ತಕ ಇದ್ದಲ್ಲಿ ಶಾಂತಿ ಇರತೈತಿ ಅಂತಾರ. ಹಂಗ ಅನ್ನಾವರು ಒಂದು ದಿನ ನಮ್ಮ ಲೈಬ್ರರ್ಯಾಗ ಬಂದು ಕುಂದ್ರಬೇಕು. ಐನಾಪುರ, ಶಿರಗುಪ್ಪಿ ಕಡೇದು ನಮ್ಮೂರು. ಇಲ್ಲೇ ಒಬ್ಬರು ದೊಡ್ಡ ಸಾಹುಕಾರರು ಇದ್ದರು, ಪುಣ್ಯಾತ್ಮರು. ತಾವು ಸಾಲಿ ಕಲೀಲಿಲ್ಲಂತ ಊರಿಗೆ ಈ ಲೈಬ್ರರಿ ಕಟ್ಟಿಸಿಕೊಟ್ಟು ಹೋದರು. ಬಾಗಲಾ ತೆಗಿಯಾಕಿ, ಕಸಾ ಹೊಡಿಯಾಕಿ, ಪುಸ್ತಕ ಕೊಡಾಕಿ ಎಲ್ಲಾ ನಾನ.

ಮೊನ್ನೆ ಕೊಲ್ಲಾಪುರದಿಂದ ಅವರ ಮೊಮ್ಮಗ ಫೋನ್ ಮಾಡಿದರು. "ಬಂದು ನೋಡ್ತೀನಿ. ಓದಾವರು ಇಲ್ಲಂದ್ರ ಕೆಡವಿ ಅಂಗಡಿ ಕಟ್ಟಸ್ತೀನಿ." ಅವತ್ತಿಂದ ಜನಾ ಕೂಡಸೂದ ನನ್ನ ಕೆಲಸಾತು.

೧. ನಿನ್ನಿ ಪೇಪರ್

ಮೊದಲ ಮುದುಕರನ್ನ ಹಿಡಿದೆ. ಬರೂದು ಒಂದ ಪೇಪರ್, ಹಾಳಿ ಹಾಳಿ ಹಂಚಿಕೊಂಡು ಓದ್ತಾರ. ಒಬ್ಬ ಅಜ್ಜ ಒಂದು ಹಾಳಿ ಓದೂದು, ಇನ್ನೊಂದರ ಮ್ಯಾಲೆ ಕುಂದ್ರೂದು.

"ಅಜ್ಜಾರ, ಕೆಳಗಿಂದು ಕೊಡ್ರಿ," ಅಂದೆ.

"ತಡಿಯವಾ, ಅದನ್ನ ಇನ್ನ ಓದಬೇಕು."

ಬಾಜೂಕಿನ ಅಜ್ಜ ನಕ್ಕ. "ಲೇ, ಅದು ನಿನ್ನಿ ಪೇಪರ್!"

"ಗೊತ್ತೈತಿ ಬಿಡಲೇ. ನಿನ್ನಿ ಇದರ ಮ್ಯಾಲೆ ನೀ ಕುಂತಿದ್ದಿ."

೨. ಅತ್ತಿ ಕುರ್ಚಿ

ಹೆಣ್ಣಮಕ್ಕಳೂ ಬರಲಿ ಅಂತ ಓಣಿ ಓಣಿ ತಿರುಗಿದೆ. ಒಬ್ಬ ಸೊಸಿ ಬಂದಳು, ಬಾಗಲದಾಗ ನಿಂತಳು. ಖಾಲಿ ಇದ್ದದ್ದು ಒಂದ ಕುರ್ಚಿ. ಅಕಿ ತೀರಿಹೋದ ಅತ್ತಿ ನೆನಪಿಗೆ ಮನ್ಯಾವರು ಕೊಟ್ಟಿದ್ದು, ಬೆನ್ನಿಗೆ ಅತ್ತಿ ಹೆಸರು ಬರಸ್ಯಾರ.

"ಕುಂದರ ಬಾರವಾ," ಅಂದೆ.

"ಹೆಂಗ ಕುಂದ್ರಲಿರಿ? ಇದ್ದಾಗ ಅಕಿ ಮುಂದ ಕುಂತಾಕಿ ಅಲ್ಲ ನಾ. ಈಗ ಅಕಿ ಮ್ಯಾಲೇನ ಕುಂದ್ರಲೇನು?"

ಆ ಕಡೆ ಈ ಕಡೆ ನೋಡಿದಳು. ಸೆರಗ ಸರಿ ಮಾಡಿಕೊಂಡು ಗಟ್ಟ್ಯಾಗಿ ಕುಂತಳು. ಆಮ್ಯಾಲೆ ಮೆಲ್ಲಕ, "ಭಾಳ ಸಮಾಧಾನ ಆತ್ರಿ," ಅಂದಳು. ಈಗ ದಿನಾ ಬರ್ತಾಳ, ಬ್ಯಾರೆ ಕುರ್ಚಿ ಕೊಟ್ಟರ ಒಲ್ಲೆ ಅಂತಾಳ.

೩. ಮೊಮ್ಮಗ ಬಂದರು

ಅವರು ಬರೂ ದಿನ ಲೈಬ್ರರಿ ತುಂಬಿತ್ತು. ನನಗ ಜೀವದಾಗ ಜೀವ ಬಂತು. ಆದ್ರ ಕಾರಿನ ಸಪ್ಪಳಾ ಕೇಳಿದ್ದ ತಡ, "ಸಾಹುಕಾರರ ಮೊಮ್ಮಗ ಬಂದಾರ, ಚಹಾ ಕುಡಸದ ಕಳಿಸಿದ್ರ ಊರ ಮರ್ಯಾದಿ ಏನಾಗಬೇಕು?" ಅಂತ ಎಲ್ಲಾರೂ ಎದ್ದು ಚಹಾ ಇಡಾಕ ಮನಿಗೆ ಓಡಿದರು! ಅವರು ಒಳಗ ಬಂದಾಗ ಇದ್ದಾಕಿ ನಾನೊಬ್ಬಾಕಿ. ಕಪಾಟೂ ಅರ್ಧಾ ಖಾಲಿ.

"ಒಬ್ಬರೂ ಇಲ್ಲಲ್ಲರಿ ಅಕ್ಕಾರ," ಅಂದರು. ನನಗ ಅಳುನ ಬಂತು.

ಅಷ್ಟರಾಗ ಮಂದಿ ಬಂದು ಅವರ ಕೈ ಹಿಡಿದು ಎಳಕೊಂಡು ಹೋದರು, ನಾನೂ ಬೆನ್ನ ಹತ್ತಿದೆ. ಮನಿಮನಿಗೆ ಚಹಾ. ಬ್ಯಾಡಂದ್ರ ಯಾರ ಕೇಳ್ತಾರ? ಯಾವ ಮನಿಗೆ ಹೋದರೂ ಅವರಜ್ಜನ ಲೈಬ್ರರಿ ಶಿಕ್ಕಾ ಒತ್ತಿದ್ದ ಒಂದು ಪುಸ್ತಕ. ಒಂದು ದಿಂಬಿನ ಕೆಳಗ, ಒಂದು ತೊಟ್ಟಲದ ಬಾಜೂಕ, ಒಂದಕ್ಕ ಜೋಳದ ಹಿಟ್ಟು ಮೆತ್ತೈತಿ. "ವಾಪಸ್ ಕೊಡಾಕ ಮನಸಾಗವಲ್ದರಿ," ಅಂತ ಎಲ್ಲಾರದೂ ಒಂದ ಮಾತು.

ತಿರುಗಿ ಬಂದಾಗ ಅವರ ಮಾರಿ ಕೆಂಪಾಗಿತ್ತು. ಒಂದ ಕಡೆ ನಿಂದ್ರವಲ್ರು. ಸಿಟ್ಟ ಬಂದೈತಿ ಅಂತ ಕೈ ಮುಗಿದೆ.

"ಕೆಡವ್ತೀರೇನ್ರಿ ಸಾಹೇಬ್ರ?"

"ಯಾಕ ಕೆಡವ್ಲಿ? ಊರಿಗೆ ಊರ ಓದಾಕತ್ತೈತಿ! ಲೈಬ್ರರಿ ಇಲ್ಲೇ ಇರತೈತಿ. ಮೊದಲ ಸಂಡಾಸ ಎಲ್ಲೈತಿ ಹೇಳ್ರಿ!"

"ಇಲ್ಲರಿ. ವರ್ಷಾನಗಟ್ಲೆ ಅರ್ಜಿ ಕೊಟ್ಟೀವಿ, ಯಾರೂ ಕಟ್ಟಸವಲ್ರು."

"ನಾ ಕಟ್ಟಸ್ತೀನಿ! ನಾಳೇನ ಸುರು ಮಾಡ್ರಿ!" ಅಂದವರ ಕಬ್ಬಿನ ಹೊಲದ ಕಡೆ ಓಡಿದರು.